ಯಂತ್ರಸ್ವರವೂ ಕನ್ನಡದ ಮಾತೂ: ೧೯೮೦ರ ದಶಕದ ಹೊಸ ಅಲೆಯ ಗೀತಗಳನ್ನು ಕುರಿತು ಒಂದು ಹಿನ್ನೋಟ

೧

ಹೊಸ ವಾದ್ಯವೊಂದು ನಾಡಿಗೆ ಬಂದಾಗ ಅದರ ಯೋಗ್ಯತೆಯನ್ನು ಕುರಿತು ವಾದವೇಳುವುದು ಸಹಜವೇ ಆಗಿದೆ. ಪಿಟೀಲು ಕರ್ಣಾಟಕ ಸಂಗೀತದ ಕಚೇರಿಯನ್ನು ಸೇರಿ ಎರಡು ಶತಮಾನಗಳಷ್ಟಾಯಿತು. ಇಂದು ಅದನ್ನು ಪರದೇಶದ್ದೆಂದು ಬಗೆಯುವವರಿಲ್ಲ. ಹಾರ್ಮೋನಿಯಮ್ಮಿಗೆ ಅಂಥ ಭಾಗ್ಯ ಸುಲಭವಾಗಿ ದೊರೆಯಲಿಲ್ಲ. ಅಖಿಲ ಭಾರತ ರೇಡಿಯೋ ೧೯೪೦ರಲ್ಲಿ ಅದನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಆ ಬಹಿಷ್ಕಾರ ಸಡಿಲವಾಗಲು ಮೂರು ದಶಕಗಳು ಬೇಕಾದುವು. ಅದರ ಸ್ವರಸ್ಥಾನಗಳು ಮೊದಲೇ ನಿಗದಿಯಾದುವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕಕ್ಕೆ ಅಲ್ಲಿ ಎಡೆಯಿಲ್ಲ ಎಂಬುದೇ ಪ್ರಧಾನವಾದ ಆಕ್ಷೇಪ. ಈ ಎರಡರ ತರುವಾಯ ಬಂದದ್ದು ಸಿಂಥಸೈಜರ್ ಎಂಬ ವಿದ್ಯುತ್ ಸ್ವರಯಂತ್ರ. ಆಶ್ಚರ್ಯವೆಂದರೆ, ಇದು ೧೯೮೦ರ ದಶಕದಲ್ಲಿ ಕನ್ನಡ ನಾಡಿನ ಮನೆಮನೆಯ ಕಿವಿಯನ್ನು ಹೊಕ್ಕರೂ, ಇದನ್ನು ಕುರಿತು ನಮ್ಮ ವಿಮರ್ಶೆಯಲ್ಲಿ ಮೊದಲೆರಡು ವಾದ್ಯಗಳಿಗಾದಷ್ಟು ಚರ್ಚೆ ನಡೆಯಲಿಲ್ಲ. ಆ ಕೊರತೆಯನ್ನು ಅಲ್ಪವಾಗಿಯಾದರೂ ತುಂಬುವುದು ಪ್ರಕೃತ ಲೇಖನದ ಉದ್ದೇಶ.

ಕಳೆದ ಬೇಸಗೆಯ ರಜೆಯಲ್ಲಿ ಮೈಸೂರಿನ ಶ್ರೀರಾಂಪುರದ ಮನೆಯೊಂದರಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಕೂಡಿ, ಆ ಕಾಲದ ಆಂಗ್ಲ, ಹಿಂದಿ ಮತ್ತು ಕನ್ನಡ ಧ್ವನಿಸುರುಳಿಗಳನ್ನು ಕ್ರಮವಾಗಿ ಕೇಳಿ ಟಿಪ್ಪಣಿ ಮಾಡಿಕೊಂಡೆವು. ಹಲವು ಸುರುಳಿಗಳು ಬೂಸಲು ಹಿಡಿದಿದ್ದುವು. ಕೆಲವು ಸಡಿಲಗೊಂಡು ಶ್ರುತಿ ಇಳಿದಿದ್ದುವು. ಒಂದಂತೂ ಯಂತ್ರಕ್ಕೆ ಸಿಕ್ಕಿ ನಮ್ಮ ಕಣ್ಣೆದುರೇ ಹರಿದುಹೋಯಿತು. ಆ ಟಿಪ್ಪಣಿಗಳೇ ಈ ಬರೆಹಕ್ಕೆ ಆಧಾರ.

ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ‘ಹೊಸ ಅಲೆ’ ಎಂದೊಡನೆ ಕನ್ನಡದ ಓದುಗನಿಗೆ ನೆನಪಾಗುವುದು ಸಂಗೀತವಲ್ಲ, ಚಲನಚಿತ್ರ. ೧೯೭೦ರ ‘ಸಂಸ್ಕಾರ’ದಿಂದ ಮೊದಲಾದ ಆ ಅಲೆ ಹಾಡನ್ನು ಬಹುಮಟ್ಟಿಗೆ ದೂರವಿಟ್ಟಿತು. ‘ಸಂಸ್ಕಾರ’ಕ್ಕೆ ಸಂಗೀತವಿತ್ತವರು ಸರೋದ್ ವಿದ್ವಾಂಸರಾದ ರಾಜೀವ ತಾರಾನಾಥರು, ಮುಂದೆ ಬಿ. ವಿ. ಕಾರಂತರೂ ಅದೇ ಮಿತವ್ಯಯದ ದಾರಿಯಲ್ಲಿ ನಡೆದರು. ಪಶ್ಚಿಮದಲ್ಲಾದರೋ ೧೯೭೦ರ ದಶಕದ ಕೊನೆಯಿಂದ ‘ನ್ಯೂ ವೇವ್’ ಎಂಬುದು ಒಂದು ಬಗೆಯ ಜನಪ್ರಿಯ ಸಂಗೀತದ ಹೆಸರಾಯಿತು. ಅದರಲ್ಲಿ ವಿದ್ಯುತ್ ಸ್ವರಯಂತ್ರವೇ ಮುಖ್ಯವಾದ ಶಾಖೆಗೆ ‘ಸಿಂಥ್‌ಪಾಪ್’ ಎಂಬ ಹೆಸರು ನಿಂತಿತು. ನಮ್ಮ ವಿಮರ್ಶಕರು ಮೊದಲನೆಯ ಅಲೆಯನ್ನು ಬಹಳವಾಗಿ ವಿವೇಚಿಸಿದ್ದಾರೆ. ಎರಡನೆಯದು ಕನ್ನಡಕ್ಕೆ ಬಂದುದು ಅವರು ಕಡೆಗಣಿಸಿದ ಬಾಗಿಲಿನಿಂದ, ಎಂದರೆ ವ್ಯಾಪಾರೀ ಚಿತ್ರಗಳ ಹಾಡುಗಳಿಂದ.

೨

ಪಾಶ್ಚಾತ್ಯ ಮೂಲವನ್ನು ಸಂಕ್ಷೇಪವಾಗಿ ನೆನೆಯೋಣ. ರಾಬರ್ಟ್ ಮೂಗ್ ಎಂಬ ಅಮೆರಿಕನ್ ತಂತ್ರಜ್ಞ ೧೯೬೪ರಲ್ಲಿ ಸಿದ್ಧಪಡಿಸಿದ ಸ್ವರಯಂತ್ರ ಮೊದಲಿಗೆ ಪ್ರಯೋಗಶಾಲೆಯ ವಸ್ತುವಾಗಿತ್ತು. ೧೯೭೦ರಲ್ಲಿ ಬಂದ ‘ಮಿನಿಮೂಗ್’ ಅದನ್ನು ಒಬ್ಬನೇ ಹೊತ್ತೊಯ್ಯಬಹುದಾದ ವಾದ್ಯವನ್ನಾಗಿ ಮಾಡಿತು. ಜರ್ಮನಿಯ ಡುಸೆಲ್‌ಡಾರ್ಫಿನ ‘ಕ್ರಾಫ್ಟ್‌ವೆರ್ಕ್’ ತಂಡ ೧೯೭೪ರ ‘ಆಟೋಬಾನ್’, ೧೯೭೮ರ ‘ಮನುಷ್ಯಯಂತ್ರ’ ಎಂಬರ್ಥದ ಗೀತಗುಚ್ಛ ಮೊದಲಾದುವುಗಳಲ್ಲಿ ಯಂತ್ರವನ್ನು ಮರೆಸಲಿಲ್ಲ, ಮೆರೆಸಿತು. ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ತರುಣರು ಅದನ್ನು ಕೇಳಿ ತಮ್ಮದೇ ತಂಡಗಳನ್ನು ಕಟ್ಟಿದರು: ಶೆಫೀಲ್ಡಿನಲ್ಲಿ ‘ಹ್ಯೂಮನ್ ಲೀಗ್’, ಬೇಸಿಲ್ಡನ್ನಿನಲ್ಲಿ ‘ಡೆಪೆಷ್ ಮೋಡ್’, ಮ್ಯಾಂಚೆಸ್ಟರಿನಲ್ಲಿ ‘ನ್ಯೂ ಆರ್ಡರ್’. ಜಪಾನಿನ ‘ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ’ ೧೯೭೮ರಲ್ಲಿಯೇ ಹುಟ್ಟಿದ್ದಿತು. ೧೯೮೦ರಲ್ಲಿ ಹೊಸ ಬಗೆಯ ತಾಳಯಂತ್ರಗಳೂ, ೧೯೮೩ರಲ್ಲಿ ಯಮಾಹಾ ಕಂಪನಿಯ ‘ಡಿಎಕ್ಸ್೭’ ಕೀಬೋರ್ಡೂ, ಯಂತ್ರಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ‘ಮಿಡಿ’ ಎಂಬ ವ್ಯವಸ್ಥೆಯೂ ಬಂದುವು.

ಈ ತಂಡಗಳ ಹೊಸತನ ಎಲ್ಲಿದೆ ಎಂದು ಕೇಳಿದರೆ ವಾದ್ಯದಲ್ಲಿ ಎಂಬ ಉತ್ತರ ಸುಲಭವಾಗಿ ಬರುತ್ತದೆ. ನಮಗೆ ಅದು ಸಾಲದೆಂದು ತೋರುತ್ತದೆ. ವಾದ್ಯದೊಡನೆ ಅವರು ಕಂಠವನ್ನೂ ಬದಲಿಸಿದರು. ಹ್ಯೂಮನ್ ಲೀಗ್ ತಂಡದ ೧೯೮೧ರ ‘ಡೇರ್’ ಎಂಬ ಗೀತಗುಚ್ಛದ ಕೊನೆಯ ಹಾಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಗಂಡು ಹೆಣ್ಣುಗಳ ಜಗಳ. ನಿನ್ನನ್ನು ಮೇಲಕ್ಕೆ ತಂದವನು ನಾನು ಎಂದು ಅವನು ಹಂಗಿಸುತ್ತಾನೆ. ನೀನಿಲ್ಲದೆಯೂ ನಾನು ಮುಂದೆ ಬರುತ್ತಿದ್ದೆ ಎಂದು ಅವಳು ಉತ್ತರ ಕೊಡುತ್ತಾಳೆ. ಹಾಡಿದ ಫಿಲಿಪ್ ಓಕಿಗಾಗಲಿ ಸೂಸನ್ ಸಲಿಗಾಗಲಿ ಸಂಗೀತದ ಶಿಕ್ಷಣವಿರಲಿಲ್ಲ. ಸ್ವರ ಏರುವೆಡೆಯಲ್ಲಿ ಏರದೆ, ನಡುಗುವೆಡೆಯಲ್ಲಿ ನಡುಗದೆ, ದಿನಬಳಕೆಯ ಮಾತಿನಂತೆ ಸಪಾಟಾಗಿ ಬರುತ್ತದೆ. ಅದರ ಹಿಂದೆ ಯಂತ್ರ ಬೇಸರವಿಲ್ಲದೆ ಮಿಡಿಯುತ್ತದೆ. ಭಾವವನ್ನು ತೋರಗೊಡದ ಕಂಠವೂ ಭಾವವೇ ಇಲ್ಲದ ಯಂತ್ರವೂ ಸೇರಿದಾಗ ಕೇಳುವವನ ಮನಸ್ಸಿನಲ್ಲಿ ಉಳಿಯುವುದು ಒಂದು ಬಗೆಯ ಒಂಟಿತನ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಭಾವ ವಾಚ್ಯವಾಗುವುದಿಲ್ಲ, ವ್ಯಂಗ್ಯವಾಗಿಯೇ ನಿಲ್ಲುತ್ತದೆ. ಸಿಂಥ್‌ಪಾಪಿನ ನಿಜವಾದ ಸಾಧನೆ ಇದೆಂದು ನಮ್ಮ ಅಭಿಪ್ರಾಯ.

೩

ಈ ಚಳವಳಿಯ ಬಳಿಯಲ್ಲಿಯೇ ಕರ್ನಾಟಕದ ಒಬ್ಬ ವ್ಯಕ್ತಿಯಿದ್ದುದು ನಮ್ಮಲ್ಲಿ ಹಲವರಿಗೆ ತಿಳಿಯದು. ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ ೧೯೬೦ರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿ ಸಂಗೀತ ನಿರ್ಮಾಪಕರಾದರು. ಕಾರ್ಲ್ ಡಗ್ಲಸ್ ೧೯೭೪ರಲ್ಲಿ ಹಾಡಿ ಲೋಕಪ್ರಸಿದ್ಧವಾದ ಕುಂಗ್‌ಫೂ ಗೀತವನ್ನು ನಿರ್ಮಿಸಿದವರು ಅವರೇ. ೧೯೮೦ರ ಹಿಂದಿ ಚಿತ್ರ ‘ಕುರ್ಬಾನಿ’ಗೆ ಅವರು ಒಂದು ಹಾಡನ್ನು ರಚಿಸಿ ನಾಜಿಯಾ ಹಸನ್ ಎಂಬ ಪಾಕಿಸ್ತಾನಿ ಬಾಲೆಯಿಂದ ಹಾಡಿಸಿದರು, ೧೯೮೧ರಲ್ಲಿ ‘ಡಿಸ್ಕೋ ದೀವಾನೆ’ ಎಂಬ ಚಿತ್ರೇತರ ಗೀತಗುಚ್ಛವನ್ನು ಹೊರತಂದರು. ಆಗ ನಾಜಿಯಾ ಹದಿನೈದು ಹದಿನಾರರ ವಯಸ್ಸಿನವರು. ಆ ತೆಳುವಾದ, ಅಭ್ಯಾಸದ ಭಾರವಿಲ್ಲದ ಕಂಠ ಲತಾ ಮಂಗೇಶಕರ್ ಮೊದಲಾದವರ ಕಂಠಕ್ಕೆ ಒಗ್ಗಿದ್ದ ಕಿವಿಗಳಿಗೆ ಹೊಸ ಲೋಕವೊಂದನ್ನೇ ತೆರೆಯಿತು. ಅಲ್ಲಿಯೂ, ಇಂಗ್ಲೆಂಡಿನಲ್ಲಿ ಆದಂತೆಯೇ, ವಾದ್ಯ ಮತ್ತು ಕಂಠ ಎರಡೂ ಒಟ್ಟಿಗೆ ಬದಲಾದುವು. ಆದರೆ ಆ ಹಾಡುಗಳ ಮಾತು ಬಹಳ ತೆಳುವಾದದ್ದು. ಕುಣಿತಕ್ಕೆ ನೆಪವಾಗಿ ಬಂದದ್ದು.

ಇದೇ ಕಾಲದಲ್ಲಿ, ೧೯೮೨ರಲ್ಲಿ, ಮುಂಬಯಿಯ ವಾದಕ ಚರಣಜಿತ್ ಸಿಂಗ್ ಹತ್ತು ರಾಗಗಳನ್ನು ತಾಳಯಂತ್ರದ ಮೇಲೆ ನುಡಿಸಿ ಒಂದು ಗ್ರಾಮಾಫೋನ್ ತಟ್ಟೆಯನ್ನು ಹೊರತಂದರು. ಅದು ಆಗ ಹೆಚ್ಚು ಜನರ ಗಮನಕ್ಕೆ ಬೀಳಲಿಲ್ಲ. ೨೦೧೦ರಲ್ಲಿ ಮರುಮುದ್ರಣಗೊಂಡ ಮೇಲೆ ಪಶ್ಚಿಮದ ರಸಿಕರು ಅದನ್ನು ಮುಂದಿನ ಯಂತ್ರಸಂಗೀತದ ಪೂರ್ವಸೂಚನೆಯೆಂದು ಕೊಂಡಾಡಿದರು. ಗಮಕಕ್ಕೆ ಎಡೆಯಿಲ್ಲವೆಂಬ ಹಳೆಯ ಆಕ್ಷೇಪಕ್ಕೆ ಈ ತಟ್ಟೆ ಉತ್ತರದಂತಿದೆ. ಹಾರ್ಮೋನಿಯಮ್ಮಿನಲ್ಲಿ ಇಲ್ಲದ ಒಂದು ಸೌಕರ್ಯ ಈ ಹೊಸ ವಾದ್ಯದಲ್ಲಿತ್ತು. ಕೀಲಿಗಳ ಎಡಗಡೆಯ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ, ಅಥವಾ ಸ್ವರದಿಂದ ಸ್ವರಕ್ಕೆ ಜಾರುವಂತೆ ಯಂತ್ರವನ್ನು ಅಳವಡಿಸಿದರೆ, ಮೀಂಡಿನ ಛಾಯೆ ದೊರೆಯುತ್ತದೆ. ವೀಣೆಯ ತಂತಿಯನ್ನು ಎಳೆದಂತೆ ಆಗದಿದ್ದರೂ, ಸ್ವರ ಬಾಗುವುದು ಅಸಾಧ್ಯವೆಂಬ ಮಾತು ಇಲ್ಲಿ ನಿಲ್ಲದು.

೪

ಕನ್ನಡದಲ್ಲಿ ಆದದ್ದೇನು? ಕನ್ನಡದ ಹೊಸ ನಾದ ತಂಡಗಳಿಂದ ಬರಲಿಲ್ಲ. ಚಲನಚಿತ್ರ ಸಂಗೀತ ನಿರ್ದೇಶಕರಿಂದ ಬಂದಿತು. ಅದಕ್ಕೆ ಪೂರ್ವಸಿದ್ಧತೆಯೂ ಇತ್ತು. ಮೈಸೂರಿನವರೇ ಆದ ರಾಜನ್–ನಾಗೇಂದ್ರ ಸೋದರರು ೧೯೫೦ರ ದಶಕದಿಂದ ದೇಶೀಯ ರಾಗಗಳನ್ನೂ ಪಾಶ್ಚಾತ್ಯ ವಾದ್ಯವೃಂದವನ್ನೂ ಹದವಾಗಿ ಬೆರೆಸುತ್ತ ಬಂದಿದ್ದರು. ಜಿ. ಕೆ. ವೆಂಕಟೇಶರು ೧೯೭೮ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜಕುಮಾರರಿಂದ ಒಂದು ಆಂಗ್ಲ ಗೀತವನ್ನೇ ಹಾಡಿಸಿದರು. ಇದೇ ವೆಂಕಟೇಶರ ಬಳಿ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ಪಳಗಿದವರು ಇಳಯರಾಜ. ಶಂಕರ್ ನಾಗ್ ನಿರ್ದೇಶಿಸಿದ ೧೯೮೧ರ ‘ಗೀತಾ’ ಚಿತ್ರದಲ್ಲಿ ಡಿಸ್ಕೋ ನಡೆಯನ್ನೂ, ಮಣಿರತ್ನಂ ಅವರ ಮೊದಲ ಚಿತ್ರವಾದ ೧೯೮೩ರ ‘ಪಲ್ಲವಿ ಅನುಪಲ್ಲವಿ’ಯಲ್ಲಿ ದಶಕಗಳು ಕಳೆದರೂ ಜನರ ಬಾಯಲ್ಲಿ ಗುನುಗುವ ಒಂದು ವಾದ್ಯಧಾಟಿಯನ್ನೂ ಅವರು ಕೊಟ್ಟರು. ಆದರೆ ‘ಗೀತಾ’ ಚಿತ್ರದ ಹಾಡುಗಳ ಭಾಷೆ ಹಿಂದಿನ ಚಿತ್ರಗೀತೆಯ ಭಾಷೆಯೇ. ನಾದ ಹೊಸದು, ನುಡಿ ಹಳೆಯದು.

ಈ ಅಂತರವನ್ನು ಅಳಿಸಿದುದು ವಿ. ರವಿಚಂದ್ರನ್ ನಿರ್ಮಿಸಿ ನಿರ್ದೇಶಿಸಿದ ೧೯೮೭ರ ‘ಪ್ರೇಮಲೋಕ’. ಸಾಹಿತ್ಯ ಮತ್ತು ಸಂಗೀತ ಎರಡೂ ಹಂಸಲೇಖರವು. ಕಥೆ ಕಾಲೇಜಿನದು, ಅದರ ಮೇಲೆ ೧೯೮೨ರ ಅಮೆರಿಕನ್ ಚಿತ್ರ ‘ಗ್ರೀಸ್ ೨’ರ ನೆರಳು ಬಿದ್ದಿದೆ. ಲಹರಿ ಸಂಸ್ಥೆ ಹೊರತಂದ ಇದರ ಧ್ವನಿಸುರುಳಿ ಕನ್ನಡದಲ್ಲಿ ಅಪೂರ್ವವಾದ ಪ್ರಚಾರವನ್ನು ಪಡೆಯಿತು. ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಅನೇಕರು ಆಗ ವಿದ್ಯಾರ್ಥಿಗಳಾಗಿದ್ದು, ಆ ಹಾಡುಗಳನ್ನು ಇಂದಿಗೂ ಬಾಯಿಪಾಠವಾಗಿ ಬಲ್ಲರು. ಬಲ್ಲೆವೆಂದು ತರಗತಿಯಲ್ಲಿ ಹೇಳಲು ಮಾತ್ರ ಸಂಕೋಚಪಡುವರು.

ಆ ಹಾಡುಗಳ ವಿಶೇಷವನ್ನು ವ್ಯಾಕರಣದ ಕಡೆಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಹಿಂದಿನ ಚಿತ್ರಗೀತೆ ಪ್ರಾಯಿಕವಾಗಿ ವರ್ಣನೆಯಿಂದ ಮೊದಲಾಗುತ್ತಿತ್ತು. ಇಲ್ಲಿ ಹಾಡುಗಳು ಮೊದಲಾಗುವುದು ಸಂಬೋಧನೆಯಿಂದ, ಪ್ರಶ್ನೆಯಿಂದ, ವಿಧ್ಯರ್ಥದ ಕ್ರಿಯಾಪದದಿಂದ. ಒಬ್ಬರು ಕರೆಯುತ್ತಾರೆ, ಇನ್ನೊಬ್ಬರು ಓಗೊಡುತ್ತಾರೆ. ಕೆಣಕು, ಬುದ್ಧಿವಾದ, ಜಗಳ, ರಾಜಿ ಎಲ್ಲವೂ ಹಾಡಿನೊಳಗೆ ನಡೆಯುತ್ತವೆ. ಸಂಭಾಷಣೆ ಮುಗಿದು ಹಾಡು ಬರುವುದೆಂಬ ಕಟ್ಟುಪಾಡು ಸಡಿಲವಾಗಿ, ಸಂಭಾಷಣೆಯೇ ಹಾಡಾಗುತ್ತದೆ. ಉಪಮಾನವೂ ಹಾಗೆಯೇ. ಹೆಣ್ಣಿಗೆ ಚಂದ್ರನನ್ನೋ ತಾವರೆಯನ್ನೋ ತರದೆ, ಸಂತೆಯಲ್ಲಿ ಕೈಗೆ ಸಿಕ್ಕುವ ನಿಂಬೆಹಣ್ಣನ್ನು ಕವಿ ತರುತ್ತಾನೆ. ಹೊಳಪು, ಹುಳಿ, ದುಂಡು, ಪರಿಮಳ ಎಲ್ಲವನ್ನೂ ಒಮ್ಮೆಗೇ ಸೂಚಿಸುವ ಆ ಉಪಮಾನವನ್ನು ಗ್ರಾಮ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

೫

ಈಗ ಮುಖ್ಯವಾದ ವಿಚಾರಕ್ಕೆ ಬರಬಹುದು. ಹಾಡೊಂದರಲ್ಲಿ ವಾದ್ಯ, ಕಂಠ, ಮಾತು ಎಂಬ ಮೂರು ಅಂಗಗಳಿವೆಯೆಂದು ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಹೊಸ ಅಲೆಯಲ್ಲಿಯೂ ಬಿದ್ದು ಅವರ ಹಾಡುಗಳಲ್ಲಿಯೂ ಮೊದಲೆರಡು ಅಂಗಗಳು ಎದ್ದು ಕಾಣುವಂತೆ ಬದಲಾದುವು. ಕನ್ನಡದಲ್ಲಿ ಬದಲಾದುವು ವಾದ್ಯ ಮತ್ತು ಮಾತು, ಕಂಠ ಬದಲಾಗಲಿಲ್ಲ. ‘ಪ್ರೇಮಲೋಕ’ದಲ್ಲಿ ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ, ಕೆ. ಜೆ. ಯೇಸುದಾಸ್ ಮೊದಲಾದವರು. ಅವರ ಕಂಠಗಳು ಆ ಹೊತ್ತಿಗೆ ದಶಕಗಳಿಂದ ಜನರ ಕಿವಿಯಲ್ಲಿ ನೆಲೆಗೊಂಡಿದ್ದುವು. ಆದಕಾರಣ ಕನ್ನಡದ ಸಿಂಥ್‌ಪಾಪನ್ನು ಪಶ್ಚಿಮದ ಅನುಕರಣೆಯೆಂದು ಕರೆಯುವವರು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ.

ಹ್ಯೂಮನ್ ಲೀಗಿನ ಜಗಳದ ಹಾಡನ್ನೂ ‘ಪ್ರೇಮಲೋಕ’ದ ಕೆಣಕಿನ ಹಾಡುಗಳನ್ನೂ ಒಂದರ ಬೆನ್ನಿಗೊಂದು ಕೇಳಿದಾಗ ಈ ಭೇದ ನಮಗೆ ಸ್ಪಷ್ಟವಾಯಿತು. ಎರಡರಲ್ಲಿಯೂ ಯಂತ್ರದ ನಡೆ, ಎರಡರಲ್ಲಿಯೂ ಗಂಡು ಹೆಣ್ಣುಗಳ ವಾಗ್ವಾದ. ಅಲ್ಲಿ ಕಂಠ ಯಂತ್ರದ ತಣ್ಪನ್ನು ತಾನೂ ತಾಳುತ್ತದೆ. ಇಲ್ಲಿ ಬಾಲಸುಬ್ರಹ್ಮಣ್ಯಂ ನಗುತ್ತಾರೆ, ಹುಸಿಮುನಿಸು ತೋರುತ್ತಾರೆ, ಒಂದು ಶಬ್ದದ ಕೊನೆಯನ್ನು ಎಳೆದು ಇನ್ನೊಂದನ್ನು ತುಂಡರಿಸುತ್ತಾರೆ. ಯಂತ್ರ ಎಷ್ಟು ನಿರ್ವಿಕಾರವೋ ಕಂಠ ಅಷ್ಟು ವಿಕಾರವಂತವಾಗಿದೆ. ಅಲ್ಲಿ ಸಾಮ್ಯದಿಂದ ಪರಿಣಾಮ, ಇಲ್ಲಿ ವೈಷಮ್ಯದಿಂದ.

ಮಾತು ಯಂತ್ರಕ್ಕೆ ಹೇಗೆ ಹೊಂದಿತೆಂಬುದು ಇನ್ನೊಂದು ಪ್ರಶ್ನೆ. ಇಲ್ಲಿ ನಮ್ಮ ವಿಶ್ವವಿದ್ಯಾನಿಲಯದವರೇ ಆದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ನೆನಪಿಗೆ ಬರುತ್ತದೆ. ೧೯೨೬ರಲ್ಲಿ ಪುಸ್ತಕವಾಗಿ ಬಂದ ಆ ಕೃತಿ ಆಂಗ್ಲ ಕವನಗಳ ಲಯಗಳನ್ನು ಕನ್ನಡದ ಮಾತ್ರಾಗಣಗಳಲ್ಲಿ ಹಿಡಿದು ತೋರಿಸಿತು. ಹೊರಗಿನ ಲಯ ಕನ್ನಡಕ್ಕೆ ಬರಬೇಕಾದರೆ ಕನ್ನಡದ ಲಘುಗುರುಗಳು ಅದಕ್ಕೆ ಒಪ್ಪಿಗೆ ಕೊಡಬೇಕು. ಎರಡು ಸಂದರ್ಭಗಳ ಮಟ್ಟ ಬೇರೆಯಾದರೂ ಸಮಸ್ಯೆ ಒಂದೇ ಆಗಿದೆ. ಆ ಕಾಲದ ತಾಳಯಂತ್ರದ ಪಂಕ್ತಿಯಲ್ಲಿ ಸಾಮಾನ್ಯವಾಗಿ ಹದಿನಾರು ಮನೆಗಳು. ನಾಲ್ಕು ಮಾತ್ರೆಯ ಗಣ ನಾಲ್ಕು ಸಲ ಬಂದರೆ ಪಂಕ್ತಿ ತುಂಬುತ್ತದೆ. ಕನ್ನಡದ ಆಡುಮಾತಿನಲ್ಲಿ ಸಂಬೋಧನೆ, ಕ್ರಿಯಾಪದ, ಪ್ರಶ್ನಾರ್ಥಕ ಪ್ರತ್ಯಯಗಳು ಎಷ್ಟೋ ವೇಳೆ ನಾಲ್ಕು ಮಾತ್ರೆಯ ತುಂಡುಗಳಾಗಿ ಒಡೆಯುತ್ತವೆ. ಹಂಸಲೇಖರು ಸಾಹಿತ್ಯ ಸಂಗೀತಗಳೆರಡನ್ನೂ ಒಬ್ಬರೇ ಮಾಡಿದುದರಿಂದ, ಸಿದ್ಧವಾದ ಧಾಟಿಗೆ ಇನ್ನೊಬ್ಬರು ಮಾತನ್ನು ತುರುಕುವ ಪ್ರಮೇಯ ಬರಲಿಲ್ಲ. ಗುರುವಿನ ಮೇಲೆಯೇ ತಾಳದ ಪೆಟ್ಟು ಬೀಳುತ್ತದೆ. ದ್ವಿತೀಯಾಕ್ಷರ ಪ್ರಾಸ ಕುಣಿತದ ಹೆಜ್ಜೆಗೆ ಗುರುತಾಗುತ್ತದೆ. ಯಂತ್ರ ನುಡಿಯ ಕತ್ತನ್ನು ಹಿಸುಕಲಿಲ್ಲ. ನುಡಿ ಯಂತ್ರದ ಮನೆಗಳಲ್ಲಿ ತನ್ನ ಸ್ವಭಾವವನ್ನು ಬಿಡದೆ ಕೂತಿತು. ಕ್ರಾಫ್ಟ್‌ವೆರ್ಕಿನವರು ತಮ್ಮ ಕೆಲವು ಗೀತಗುಚ್ಛಗಳನ್ನು ಜರ್ಮನ್ ಮತ್ತು ಆಂಗ್ಲ ಎರಡು ಭಾಷೆಗಳಲ್ಲಿಯೂ ಹೊರತಂದರು. ‘ಪ್ರೇಮಲೋಕ’ದ ಹಾಡುಗಳನ್ನು ಹಾಗೆ ಬೇರೆ ಭಾಷೆಗೆ ತಿರುಗಿಸಿದರೆ ಸ್ವರ ಉಳಿದೀತು, ಕೆಣಕು ಉಳಿಯದು. ಕನ್ನಡದ ಹೊಸ ಅಲೆ ಮಾತಿನಲ್ಲಿ ಎದ್ದಿತೆಂಬ ನಮ್ಮ ನಿರ್ಣಯಕ್ಕೆ ಇದೇ ಸಾಧಕ.

೬

ಗುಣವನ್ನು ಹೇಳಿದ ಬಳಿಕ ಕೊರತೆಯನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು.

ಒಂದು, ಕಂಠ ಬದಲಾಗದ ಕಾರಣ ಪಶ್ಚಿಮದ ಆ ತಣ್ಣನೆಯ ಒಂಟಿತನ ಕನ್ನಡದ ಹಾಡಿಗೆ ಬರಲೇ ಇಲ್ಲ. ನಗರದಲ್ಲಿ ಬೇರು ಕಿತ್ತ ಮನುಷ್ಯನ ಅನುಭವವನ್ನು ಅಡಿಗರ ಪೀಳಿಗೆಯ ನವ್ಯಕಾವ್ಯ ಹೇಳಿತು. ಆದರೆ ಅದು ಪುಟದ ಮೇಲೆಯೇ ಉಳಿಯಿತು. ಭಾವಗೀತೆಯ ಧ್ವನಿಸುರುಳಿಗಳು ೧೯೭೮ರ ‘ನಿತ್ಯೋತ್ಸವ’ದಿಂದ ಮೈಸೂರು ಅನಂತಸ್ವಾಮಿಯವರ ಮೂಲಕ ಕಾವ್ಯವನ್ನು ಮನೆಗಳಿಗೆ ತಂದರೂ, ಅವುಗಳ ಒಲವು ಮಾಧುರ್ಯದ ಕಡೆಗೇ ಇತ್ತು. ಅತ್ತ ಕಾವ್ಯದಲ್ಲಿ ತಣ್ಪು, ಇತ್ತ ಚಿತ್ರಗೀತೆಯಲ್ಲಿ ಯಂತ್ರ. ಎರಡೂ ಒಂದೇ ನಾಡಿನಲ್ಲಿದ್ದು ಪರಸ್ಪರ ಭೇಟಿಯಾಗಲಿಲ್ಲ. ಆ ದಶಕ ಕಳೆದುಕೊಂಡ ದೊಡ್ಡ ಅವಕಾಶ ಇದು.

ಎರಡು, ಹದಿನಾರು ಮನೆಗಳ ಸೌಲಭ್ಯ ನಾಲ್ಕು ಮಾತ್ರೆಯ ನಡೆಯನ್ನು ಎಲ್ಲೆಲ್ಲಿಯೂ ಹರಡಿತು. ಯಂತ್ರವನ್ನು ಬೇರೆ ಎಣಿಕೆಗೆ ತಿರುಗಿಸಬಹುದಾಗಿದ್ದರೂ ಆ ಶ್ರಮವನ್ನು ತೆಗೆದುಕೊಂಡವರು ಕಡಮೆ. ಮೂರು ನಾಲ್ಕರ ಮಿಶ್ರ ನಡೆ, ಐದರ ಖಂಡ ನಡೆ, ರಗಳೆಗಳಲ್ಲಿಯೂ ಷಟ್ಪದಿಗಳಲ್ಲಿಯೂ ಕನ್ನಡ ಕಿವಿ ಬಲ್ಲ ವೈವಿಧ್ಯ, ಆ ದಶಕದ ಕುಣಿತದ ಹಾಡುಗಳಲ್ಲಿ ಅಪರೂಪವಾಗಿ ಕೇಳಬರುತ್ತದೆ.

ಮೂರನೆಯದು ಕಲೆಗಿಂತ ಹೆಚ್ಚಾಗಿ ಕಲಾವಿದರ ಬಾಳಿಗೆ ಸಂಬಂಧಪಟ್ಟದ್ದು. ಪಿಟೀಲು, ಕೊಳಲು, ತಬಲ, ಕಹಳೆಗಳ ಒಂದು ಮೇಳವೇ ಮಾಡುತ್ತಿದ್ದ ಕೆಲಸವನ್ನು ಒಂದು ಕೀಬೋರ್ಡು ಅನುಕರಿಸಬಲ್ಲುದಾದಾಗ, ಧ್ವನಿಮುದ್ರಣ ಶಾಲೆಗೆ ಕರೆಬರುವ ವಾದಕರ ಸಂಖ್ಯೆ ಕುಗ್ಗಿತು. ಶ್ರೀರಾಂಪುರದಂಥ ಬಡಾವಣೆಯ ಗಣೇಶೋತ್ಸವದ ಚಪ್ಪರದಲ್ಲಿ ಇಂದು ಹಾಡುವ ಆರ್ಕೆಸ್ಟ್ರಾ ತಂಡವನ್ನು ನೋಡಿದರೂ ಸಾಕು. ಹಾಡುವವರು ನಾಲ್ವರಾದರೆ ನುಡಿಸುವವರು ಕೀಬೋರ್ಡಿನವನೊಬ್ಬ, ರಿದಂ ಪ್ಯಾಡಿನವನೊಬ್ಬ. ಅಲ್ಲಿಯೂ ‘ಪ್ರೇಮಲೋಕ’ದ ಹಾಡು ಬಂದೊಡನೆ, ಆಗ ಹುಟ್ಟಿಯೂ ಇರದ ಮಕ್ಕಳು ಎದ್ದು ಕುಣಿಯುತ್ತಾರೆ. ಕೃತಿಯ ಬಾಳಿಕೆಗೆ ಇದೂ ಒಂದು ಪ್ರಮಾಣ. ಆದರೆ ಆ ಹಾಡುಗಳಲ್ಲಿ ಸ್ವರಯಂತ್ರವನ್ನು ನುಡಿಸಿದ ಕೈಗಳು ಯಾರವು? ನಾವು ಕೇಳಿದ ಸುರುಳಿಗಳ ಹೊದಿಕೆಯ ಮೇಲೆ ಗಾಯಕರ, ಕವಿಯ, ನಿರ್ದೇಶಕರ ಹೆಸರುಗಳಿವೆ, ವಾದಕರ ಹೆಸರುಗಳಿಲ್ಲ. ಹಳೆಯ ತಾಳೆಗರಿಯ ಲಿಪಿಕಾರನ ಹೆಸರನ್ನು ಸಮಾಪ್ತಿ ವಾಕ್ಯದಲ್ಲಿ ಹುಡುಕಿ ದಾಖಲಿಸುವ ನಾವು, ನಮ್ಮ ಜೀವಮಾನದಲ್ಲಿಯೇ ನುಡಿಸಿದವರನ್ನು ಹೆಸರಿಲ್ಲದವರನ್ನಾಗಿ ಮಾಡಿದ್ದೇವೆ.

ಆದುದರಿಂದ ವಿಶ್ವವಿದ್ಯಾನಿಲಯದ ವಿಭಾಗಗಳಿಗೂ ಕಾಲೇಜುಗಳಿಗೂ ನಮ್ಮ ಸೂಚನೆ ಇಷ್ಟು. ಸಾಹಿತ್ಯದ ವಿದ್ಯಾರ್ಥಿಗಳು ಈ ಹಾಡುಗಳ ಛಂದಸ್ಸನ್ನು ಪ್ರಸ್ತಾರ ಹಾಕಿ ನೋಡಲಿ. ಸಂಗೀತದ ವಿದ್ಯಾರ್ಥಿಗಳು ವಾದ್ಯಗಳನ್ನು ಗುರುತಿಸಲಿ. ಆ ಕಾಲದ ವಾದಕರಲ್ಲಿ ಬದುಕಿರುವವರನ್ನು ಕಂಡು ಅವರ ಮಾತನ್ನು ಬರೆದುಕೊಳ್ಳಲಿ. ಧ್ವನಿಸುರುಳಿಯ ಪಟ್ಟಿ ತಾಳೆಗರಿಯಷ್ಟು ಬಾಳುವ ವಸ್ತುವಲ್ಲ. ಶ್ರೀರಾಂಪುರದ ಆ ಮನೆಯಲ್ಲಿ ಹರಿದುಹೋದ ಸುರುಳಿಯನ್ನು ನಾವು ಅಂಟಿಸಿ ಮತ್ತೆ ಕೇಳಿದೆವು. ಹಾಡು ಬಂದಿತು, ಹರಿದ ಎಡೆಯಲ್ಲಿ ಎರಡು ಗಣಗಳಷ್ಟು ಮಾತು ಮಾತ್ರ ಮರಳಲಿಲ್ಲ.